ಬಲಗೆನ್ನೆಗೆ ಮಾತ್ರ

ತಾನು ಹಚ್ಚಿ ನೋಡದ ಕ್ರೀಮನ್ನು ನಮ್ಮ ಅತ್ತಿಗೆ ಯಾರಿಗೂ ಮಾರುವವಳಲ್ಲ. ದೊಡ್ಡ ಅಂಗಡಿಯೊಂದರ ನೆಲಮಹಡಿಯಲ್ಲಿ, ಕ್ರೀಮು ಪೌಡರುಗಳ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತಿದ್ದಾಳೆ. ಎದುರಿನ ಬಿಲ್ಲಿಂಗಿನಲ್ಲಿ ನಾನು ಕೂರುತ್ತೇನೆ. ಆ ಕೆಲಸ ಕೊಡಿಸಿದವಳೂ ಅವಳೇ. ಹೊಸ ಸರಕು ಬಂದರೆ ಅವಳದೊಂದು ಪದ್ಧತಿ. ಬಲಗೆನ್ನೆಗೆ ಮಾತ್ರ ಹಚ್ಚುತ್ತಾಳೆ, ಎಡಗೆನ್ನೆಯನ್ನು ಹಾಗೇ ಬಿಡುತ್ತಾಳೆ, ತಿಂಗಳಾದ ಮೇಲೆ ಎರಡನ್ನೂ ಹೋಲಿಸಿ ನೋಡುತ್ತಾಳೆ. ಒಮ್ಮೆ ಯಾವುದೋ ಕ್ರೀಮಿಗೆ ಬಲಗೆನ್ನೆ ಕೆಂಪಗೆ ಬಾತುಕೊಂಡಾಗ ನಮ್ಮಣ್ಣ, "ನೋಡಿದವರು ನಾನೇ ಹೊಡೆದೆ ಅಂದ್ಕೋತಾರೆ ಕಣೇ" ಎಂದು ಎರಡು ದಿನ ಅವಳ ಜೊತೆ ಹೊರಗೇ ಬರಲಿಲ್ಲ.

ಅತ್ತಿಗೆಗೆ ಈಗ ಐವತ್ತಮೂರು. ಹೊಸ ಮ್ಯಾನೇಜರ್ ಬಂದ ವಾರದಲ್ಲೇ ಅದನ್ನು ಕಂಡುಹಿಡಿದ. ವಯಸ್ಸು ಮರೆಸುವ ಸರಕಿನ ಪಕ್ಕ ವಯಸ್ಸಾದ ಮುಖ ಇರಬಾರದಂತೆ. ಮೇಲಿನ ಗೋದಾಮಿನಲ್ಲಿ ಲೇಬಲ್ ಅಂಟಿಸುವ ಕೆಲಸ ಖಾಲಿ ಇದೆ ಎಂದ. ಆಮೇಲೆ ದೊಡ್ಡ ಮನಸ್ಸು ಮಾಡಿದವನಂತೆ ಸುಕ್ಕು ಹೋಗಿಸುತ್ತದೆಂದು ಹೊಸದಾಗಿ ಬಂದಿದ್ದ ಆ್ಯಂಟಿಆಕ್ಸಿಡೆಂಟ್ ಸೀರಂನ ಸೀಸೆಯೊಂದನ್ನು ಮುಂದಿಟ್ಟ.

"ಒಂದು ತಿಂಗಳು ಹಚ್ಕೊಳ್ಳಿ ಮೇಡಂ. ಬದಲಾವಣೆ ಕಂಡ್ರೆ ನಿಮ್ಮ ಫೋಟೋನೇ ಇಲ್ಲಿ ಹಾಕಿಸ್ತೀನಿ, ನೀವೂ ಇಲ್ಲೇ ಇರ್ತೀರಿ. ಇಲ್ಲಾಂದ್ರೆ ಗೋದಾಮು."

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ತಲೆಯಲ್ಲೂ ಎಣಿಸಬಹುದಾದಷ್ಟೇ ಕೂದಲು, ಅವನನ್ನು ಯಾರೂ ಗೋದಾಮಿಗೆ ಕಳಿಸಿರಲಿಲ್ಲ. ಅತ್ತಿಗೆ ಮಾತ್ರ ಸೀಸೆಯ ಮೇಲಿನ ಚೀಟಿ ಓದಿ ಅದನ್ನು ಕೈಚೀಲಕ್ಕೆ ಹಾಕಿಕೊಂಡಳು.

ದಿನಾ ಬೆಳಿಗ್ಗೆ ಮೂರು ಹನಿ, ಬಲಗೆನ್ನೆಗೆ. "ಈ ಸಲನಾದ್ರೂ ಇಡೀ ಮುಖಕ್ಕೆ ಹಚ್ಚು ಅತ್ತಿಗೆ" ಎಂದು ಗೋಗರೆದೆ.

"ಆಗ ಕೆಲಸ ಮಾಡಿದ್ದು ಸೀರಮ್ಮೋ, ಚೆನ್ನಾಗಿ ಬಂದ ನಿದ್ದೆಯೋ ಅಂತ ಹೇಗೆ ಗೊತ್ತಾಗುತ್ತೆ?" ಎಂದಳೇ ಹೊರತು ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ಆದರೂ ಒಂದು ದಿನ ಬಚ್ಚಲ ಕನ್ನಡಿಯ ಮುಂದೆ ಕಣ್ಣಂಚನ್ನು ಎಳೆದೆಳೆದು ನೋಡಿಕೊಳ್ಳುತ್ತಿದ್ದವಳು, ನನ್ನನ್ನು ಕಂಡು ಸುಮ್ಮನೆ ನಲ್ಲಿ ತಿರುಗಿಸಿದಳು. ಅವಳಿಗೂ ಭಯವಿತ್ತು. ಜನರ ಜೊತೆ ಮಾತಾಡದೆ ಒಂದು ದಿನ ಕಳೆಯಲಾರದ ಹೆಂಗಸು ಅವಳು.

ತಿಂಗಳು ತುಂಬಿದ ದಿನ ಮ್ಯಾನೇಜರ್ ಅವಳನ್ನು ಕೌಂಟರಿನ ದೀಪದ ಕೆಳಗೆ ನಿಲ್ಲಿಸಿ ಒಂದು ಸುತ್ತು ಹಾಕಿದ. "ಭೇಷ್. ಈ ಕೆನ್ನೆ ನೋಡಿ, ಹತ್ತು ವರ್ಷ ಕಡಿಮೆಯಾಗಿದೆ" ಎಂದು ನಮಗೆಲ್ಲ ಬೆರಳು ಮಾಡಿ ತೋರಿಸಿದ. ತೋರಿಸಿದ್ದು ಎಡಗೆನ್ನೆಯನ್ನು.

"ಅದಕ್ಕೆ ನೀರು ಬಿಟ್ರೆ ಏನೂ ಮುಟ್ಟಿಸಿಲ್ಲ ಸರ್. ಸೀರಂ ಹಚ್ಚಿದ್ದು ಈ ಕಡೆ" ಎಂದಳು ಅತ್ತಿಗೆ.

ನಾನು ಬಿಲ್ಲಿನ ಯಂತ್ರದ ಹಿಂದೆ ತಲೆ ತಗ್ಗಿಸಿ ನಕ್ಕೆ. ಅವನ ಮುಖ ಹುಳ್ಳಗಾಯಿತು, ಆದರೆ ಆಸಾಮಿ ಚುರುಕು. ದನಿ ತಗ್ಗಿಸಿ, "ಅದನ್ನ ಯಾರಿಗೆ ಹೇಳ್ಬೇಕು? ಇಡೀ ಮುಖಕ್ಕೆ ಹಚ್ಚಿದೆ, ಸುಕ್ಕು ಹೋಯ್ತು ಅನ್ನಿ. ಕೌಂಟರ್ ನಿಮ್ಮದೇ" ಎಂದ.

ನನ್ನ ನಗು ನಿಂತಿತು. ಒಪ್ಕೋ ಅತ್ತಿಗೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಗಿರಾಕಿಯೊಬ್ಬರು, ಪಕ್ಕದ ಶಾಲೆಯ ಟೀಚರು, ಅದೇ ಸೀರಂನ ಸೀಸೆಯೊಂದನ್ನು ಎತ್ತಿಕೊಂಡು, "ಇದರಿಂದ ಸುಕ್ಕು ಹೋಗುತ್ತಾ?" ಎಂದರು. ಮ್ಯಾನೇಜರ್ ಅತ್ತಿಗೆಗೆ ಕಣ್ಸನ್ನೆ ಮಾಡಿದ.

"ಚರ್ಮ ಒಂಚೂರು ಮೆತ್ತಗಾಗುತ್ತೆ, ಅಷ್ಟು ನಿಜ" ಎಂದಳು ಅತ್ತಿಗೆ, ಎಲ್ಲರಿಗೂ ಕೇಳುವಂತೆ. "ಸುಕ್ಕು ಎಲ್ಲೂ ಹೋಗಲ್ಲ. ಒಂದು ತಿಂಗಳು ಒಂದೇ ಕೆನ್ನೆಗೆ ಹಚ್ಚಿದೀನಿ. ಯಾವುದು ಅಂತ ನಮ್ಮ ಮ್ಯಾನೇಜರ್‌ಗೇ ಗೊತ್ತಾಗ್ಲಿಲ್ಲ."

ಟೀಚರು ಸೀಸೆಯನ್ನು ಮೆಲ್ಲಗೆ ಇದ್ದಲ್ಲೇ ಇಟ್ಟರು. ಅವರು ಅತ್ತ ಹೋದದ್ದೇ ತಡ, "ನಾಳೆಯಿಂದ ಗೋದಾಮಿಗೆ ಹೋಗಿ" ಎಂದ ಮ್ಯಾನೇಜರ್.

"ಈ ಮುಖಕ್ಕೆ ವಯಸ್ಸಾಗಿದ್ದು ಇಲ್ಲಿ ನಿಂತೇ ಸರ್" ಎಂದಳು ಅತ್ತಿಗೆ. "ಇದನ್ನ ಬಚ್ಚಿಡಬೇಕು ಅಂದ್ರೆ ಗಿರಾಕಿಗಳ ಎದುರಿಗೇ ನನ್ನ ಎಳ್ಕೊಂಡು ಹೋಗಿ. ನಾನಾಗಿ ಮೆಟ್ಟಿಲು ಹತ್ತಲ್ಲ."

ಮರುದಿನ ಅಂಗಡಿ ತೆರೆದಾಗ ಅವಳು ಕೌಂಟರಿನಲ್ಲೇ ಇದ್ದಳು. ಮ್ಯಾನೇಜರ್ ದುರುಗುಟ್ಟಿಕೊಂಡು ಅವಳ ಕಡೆ ನಡೆದ. ನಾನು ಬಿಲ್ಲಿಂಗಿನಿಂದ ಎದ್ದುಹೋಗಿ ಅತ್ತಿಗೆಯ ತೋಳಿಗೆ ತೋಳು ಸೇರಿಸಿ ನಿಂತೆ. ಎಳೆಯುವುದಾದರೆ ಇಬ್ಬರನ್ನೂ ಎಳೆಯಲಿ.