ಕುರುಗೋಡಿಗೆ ಹೊತ್ತೊಯ್ದ ನೀರು

ನಾವು ಸಣ್ಣವರಿದ್ದಾಗ ಸಿರುಗುಪ್ಪದಿಂದ ಕುರುಗೋಡಿಗೆ ಹೋಗುವುದೆಂದರೆ ಅರ್ಧ ದಿನದ ಕೆಲಸ. ನೇರ ಬಸ್ಸನ್ನು ನಂಬಿ ಕೂತರೆ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಬಳ್ಳಾರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುವುದೇ ರೂಢಿ. ಆ ಬೇಸಿಗೆಯ ಬೆಳಿಗ್ಗೆ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವರು ಮೂವರು: ನಮ್ಮಜ್ಜಿ ನಾಗಮ್ಮ, ಮೂರನೇ ಕ್ಲಾಸು ಮುಗಿಸಿದ್ದ ನಾನು, ನಮ್ಮನ್ನು ಬಸ್ಸು ಹತ್ತಿಸಲು ಬಂದಿದ್ದ ಅಪ್ಪ. ಅಪ್ಪ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ. ಆಮೇಲೆ ಒದ್ದೆ ಬಟ್ಟೆ ಸುತ್ತಿದ ನೀರಿನ ಬಾಟ್ಲಿಯೊಂದನ್ನು ನನ್ನ ಮಡಿಲಿಗಿಟ್ಟು, ಇದು ನಿಮ್ಮಜ್ಜೀದು, ಜ್ವಾಕಿ ಅಂದ.

ನಮ್ಮ ಕಡೆ ನೆಂಟರಲ್ಲಿ ಜಗಳವಾದರೆ ಮಾತು ಬಿಡುವುದು ದೊಡ್ಡದಲ್ಲ. ನೀರು ಬಿಡುವುದು ದೊಡ್ಡದು. ಮಾತು ನಾಳೆ ಯಾವುದೋ ಸಂತೆಯಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. 'ನಿನ್ನ ಮನ್ಯಾಗ ನೀರು ಮುಟ್ಟಂಗಿಲ್ಲ' ಎಂದು ಅಂಗಳದಲ್ಲಿ ನಿಂತು ಅಂದಿದ್ದನ್ನು ಮುರಿಯುವುದು ಕಷ್ಟ. ಅಜ್ಜಿಗೂ ಕುರುಗೋಡಿನಲ್ಲಿದ್ದ ಅವಳ ಅಕ್ಕ ಸಿದ್ದಮ್ಮನಿಗೂ ಹಾಗೆ ಆಗಿತ್ತು. ನಮ್ಮ ಸೋದರತ್ತೆಯ ಮದುವೆಯಲ್ಲಿ ಅರಿಷಿಣ ಹಚ್ಚಲು ಮೊದಲು ಕರೆಯಬೇಕಾಗಿದ್ದ ಅಕ್ಕನನ್ನು ಬಿಟ್ಟು ಅಜ್ಜಿ ಬೀಗತಿಯನ್ನು ಕರೆದಳಂತೆ. ಅಕ್ಕ ಎದ್ದು ಹೋಗುತ್ತಾ ನೀರು ಬಿಟ್ಟೆ ಅಂದಳಂತೆ. ಅಜ್ಜಿಯೂ ಹೊಸ್ತಿಲ ಮೇಲೆ ನಿಂತು ಅದನ್ನೇ ತಿರುಗಿ ಅಂದಳಂತೆ. ನಾನಿನ್ನೂ ಹುಟ್ಟಿರಲಿಲ್ಲ.

ಆ ಸಿದ್ದಮ್ಮಜ್ಜಿ ಹಾಸಿಗೆ ಹಿಡಿದು, ತಂಗೀನ ನೋಡಬೇಕು ಅನ್ನುತ್ತಿದ್ದಾಳೆಂದು ಸುದ್ದಿ ಬಂತು. ಮೂರನೇ ದಿನ ಅಜ್ಜಿ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದಳು. ಮಕ ನೋಡಿ ಬರ್ತೀನಿ, ನೀರು ಮಾತ್ರ ಮುಟ್ಟಂಗಿಲ್ಲ ಅಂದಳು. ಬಳ್ಳಾರಿ ಬರುವತನಕ ನನಗೂ ಪಾಠ ಮಾಡಿದಳು. ಅಲ್ಲಿ ಯಾರಾರ ನೀರು ಕೊಟ್ಟರೆ ಏನಂತಿ? ಅಂದಳು. ನಮ್ಮ ನೀರು ನಾವು ತಂದೀವಿ ಅಂತೀನಿ, ಅಂದೆ. ಶ್ಯಾಣ್ಯಾಕಿ, ಅಂದಳು.

ಬಳ್ಳಾರಿಯಲ್ಲಿ ಇಳಿದರೆ ಕಾದ ಎಣ್ಣೆಯ ವಾಸನೆ. ಅಜ್ಜಿ ನನಗೆ ಒಗ್ಗರಣಿ-ಮಿರ್ಚಿ ಕೊಡಿಸಿದಳು. ಪೇಪರಿನಲ್ಲಿ ಹಳದಿ ಮಂಡಕ್ಕಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ. ತಾನು ಏನೂ ತಿನ್ನಲಿಲ್ಲ. ಕುರುಗೋಡಿನ ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆಯೇ ಸೀಟು ಸಿಕ್ಕಿತು. ಅಜ್ಜಿ ಕೂತಲ್ಲೇ ತೂಕಡಿಸಿದಳು. ನನ್ನ ನಾಲಿಗೆ ಮಿರ್ಚಿಯ ಖಾರಕ್ಕೆ ಉರಿಯುತ್ತಿತ್ತು. ಒಂದು ಗುಟುಕು ಕುಡಿದೆ. ಗುಂಡುಗಲ್ಲಿನ ಗುಡ್ಡಗಳು ಕಾಣುವ ಹೊತ್ತಿಗೆ ಬಾಟ್ಲಿ ಬರಿದಾಗಿತ್ತು. ಒದ್ದೆ ಬಟ್ಟೆಯನ್ನು ಮೊದಲಿನಂತೆಯೇ ಸುತ್ತಿ ಇಟ್ಟೆ.

ಕುರುಗೋಡಿನಲ್ಲಿ ಬಸ್ಸಿಳಿದವರನ್ನು ಊರೇ ನೋಡುತ್ತಿತ್ತು. ಅಲ್ಲಿಗೆ ಸುಮ್ಮನೆ ಬರುವವರು ಯಾರೂ ಇಲ್ಲ; ಬಂದರೆ ಯಾರದೋ ಮನೆಗೆ ಬಂದಿರಬೇಕು. ಇಷ್ಟು ವರ್ಷದಲ್ಲಿ ಅಜ್ಜಿಗೆ ಓಣಿ ಮರೆತುಹೋಗಿತ್ತು. ಹಾದಿ ಕೇಳಿದರೆ ಎಲ್ಲರೂ ಊರ ಗುಡಿಯ ದೊಡ್ಡ ಬಸವಣ್ಣನಿಂದಲೇ ಶುರುಮಾಡುವವರು. ಚಹದ ಅಂಗಡಿಯ ಮುದುಕ, ಬಸವಣ್ಣನ ಬೆನ್ನಿಗೆ ಬೆನ್ನು ಕೊಟ್ಟು ನೆಟ್ಟಗ ಹೋಗ್ರಿ ಅಂದ. ಅಜ್ಜಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು: "ಅಲ್ಲೋ ಯಪ್ಪಾ, ಅಂವ ಗುಡಿಯಾಗ ಕುಂತಾನ. ಹೊರಗ ನಿಂತಾಕಿಗೆ ಅವನ ಬೆನ್ನು ಹೆಂಗ ಸಿಗಬೇಕು?" ಅಂಗಡಿಯವರೆಲ್ಲ ನಕ್ಕರು. ಅಜ್ಜಿಯೂ ನಕ್ಕಳು. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ.

ಕಲ್ಲು ಕಾದು ಓಣಿಯೆಲ್ಲ ಒಲೆಯಂತಾಗಿತ್ತು. ಎರಡು ಸಲ ಹಾದಿ ತಪ್ಪಿದೆವು. ಅಜ್ಜಿಯ ತುಟಿ ಒಣಗಿ ಬೆಳ್ಳಗಾಗಿತ್ತು. ನೀರು ಐತೇನಬೆ ಅಂದಳು. ಹೆದರಿಕೆಗೆ ಐತಿ ಅಂದುಬಿಟ್ಟೆ. ಹಂಗಾದ್ರ ಇರಲಿ, ಅಲ್ಲಿ ಬೇಕಾಗತೈತಿ ಅಂದಳು.

ಸಿದ್ದಮ್ಮಜ್ಜಿ ನಡುಮನೆಯ ಹೊರಸಿನ ಮೇಲೆ ಒಂದು ಹಿಡಿಯಾಗಿ ಮಲಗಿದ್ದಳು. ನಮ್ಮನ್ನು ಕಂಡವಳೇ ಸೊಸೆಯ ಕೈ ಹಿಡಿದು ಎದ್ದು ಕೂತಳು.

"ಬಂದ್ಯಾ ನಾಗಿ. ಮುದುಕಿ ಆಗೀಯಲ್ಲಲೇ."

"ನೀನೇನು ಹರೇದಾಕಿ ಅದೀಯೇನಕ್ಕ" ಎಂದು ಅಜ್ಜಿ ಹೊರಸಿನ ಅಂಚಿಗೆ ಕೂತಳು. ಆಮೇಲೆ ಇಬ್ಬರೂ ಬಹಳ ಹೊತ್ತು ಸತ್ತವರ, ಹುಟ್ಟಿದವರ ಸುದ್ದಿ ಮಾತಾಡಿದರು. ಮದುವೆಯ ಮಾತು ಯಾರೂ ಎತ್ತಲಿಲ್ಲ. ಅಕ್ಕ ತಂಗಿಯ ಬಳೆಗಳನ್ನು ಒಂದೊಂದಾಗಿ ಸರಿಸುತ್ತಾ ಕೂತಿದ್ದಳು. ಸೊಸೆ ಚೆಂಬಿನಲ್ಲಿ ನೀರು ತಂದಳು. ಸಿದ್ದಮ್ಮಜ್ಜಿ ಅದನ್ನು ಅವಳಿಂದ ಇಸಕೊಂಡು, ತಾನೇ ತಂಗಿಯ ಮುಂದೆ ಹಿಡಿದಳು.

"ಸಾಕು ಮಾಡೋಣಲೇ. ಕುಡಿ."

ಅಜ್ಜಿ ಚೆಂಬು ನೋಡಿದಳು. ಅಕ್ಕನ ಮುಖ ನೋಡಿದಳು. ಅಜ್ಜಿಯ ಬಲಗೈ ತೊಡೆಯಿಂದ ಮೇಲೆದ್ದಿದ್ದನ್ನು ನಾನು ಕಂಡೆ. ಇಂದಿಗೂ ಆಣೆ ಮಾಡಿ ಹೇಳುತ್ತೇನೆ, ಎದ್ದಿತ್ತು. ಆದರೆ ನಾನು ಪಾಠ ಒಪ್ಪಿಸಬೇಕಾದ ಹೊತ್ತು ಇದೇ ಅಂದುಕೊಂಡೆ. ಬಾಟ್ಲಿ ಬರಿದಾಗಿದ್ದೂ ಆ ಗಳಿಗೆ ಮರೆತುಹೋಗಿತ್ತು.

"ಬ್ಯಾಡಜ್ಜಿ, ನಮ್ಮ ನೀರು ನಾವು ತಂದೀವಿ."

ಸಿದ್ದಮ್ಮಜ್ಜಿ ಚೆಂಬು ಕೆಳಗಿಟ್ಟು ನನ್ನ ಕಡೆ ಕೈ ಚಾಚಿದಳು. ಬಾಟ್ಲಿ ಕೊಟ್ಟೆ. ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳು. ಒಂದು ಹನಿಯೂ ಇರಲಿಲ್ಲ.

"ಖಾಲಿ ಬಾಟ್ಲಿ ಹೊತ್ಕಂಡು ಬಂದಿಯಾ ನಾಗಿ, ನನಗ ತೋರ್ಸಾಕ?"

ಅಜ್ಜಿ ಬಾಟ್ಲಿಯನ್ನೂ ನನ್ನನ್ನೂ ನೋಡಿದಳು. ಸಿದ್ದಮ್ಮಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಬಸ್ಸಿಗೆ ಹೊತ್ತಾತು ಎಂದು ಅಜ್ಜಿ ಯಾರಿಗೋ ಹೇಳಿದಂತೆ ಹೇಳಿ ಎದ್ದಳು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂರು ಗ್ಲಾಸು ನೀರು ಒಂದೇ ಸಮ ಕುಡಿದಳು. ನಾನು ಅಳುತ್ತಾ ಎಲ್ಲ ಒಪ್ಪಿಕೊಂಡೆ. ಬೈಯುತ್ತಾಳೆಂದು ಕಾದೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು. "ನೀನೇನು ಮಾಡ್ತೀಬೆ. ನಾ ಕಲಿಸಿದ್ದು ನೀ ಅಂದಿ."

ಈಗ ಕುರುಗೋಡು ತಾಲೂಕಾಗಿದೆ. ಫೋನು ತೋರಿಸಿದ ಹಾದಿಯಲ್ಲಿ ಕಾರು ಬಾಗಿಲಿಗೇ ಹೋಗಿ ನಿಲ್ಲುತ್ತದೆ, ಬಸವಣ್ಣನನ್ನು ಹಿಡಿದು ಹಾದಿ ಹೇಳುವವರಿಗೆ ಕೆಲಸವಿಲ್ಲ. ಯಾರ ಮನೆಗೆ ಹೋದರೂ ಎಲ್ಲರ ಚೀಲದಲ್ಲಿ ಅವರವರ ನೀರಿನ ಬಾಟ್ಲಿ. ಅದನ್ನು ಕಂಡು ಯಾರಿಗೂ ನೋಯುವುದಿಲ್ಲ. ನನ್ನ ಮಕ್ಕಳಿಗೆ ನೀರು ಬಿಡುವುದೆಂದರೆ ಏನೆಂದು ತಿಳಿಯದು, ಒಳ್ಳೆಯದೇ ಆಯಿತು. ಆದರೆ ಒಂದು ಚೆಂಬು ನೀರನ್ನು ಮುಂದೆ ಹಿಡಿದರೆ ಅದರಲ್ಲಿ ಎಷ್ಟೆಲ್ಲ ತುಂಬಿರಬಹುದು ಎಂಬುದೂ ಅವರಿಗೆ ತಿಳಿಯದು.

ಸಿದ್ದಮ್ಮಜ್ಜಿ ಆ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ನಾವು ಹೋದಾಗ ಹೆಣ ಇನ್ನೂ ಮನೆಯಲ್ಲಿತ್ತು; ಅದನ್ನು ಎತ್ತುವತನಕ ಆ ಮನೆಯಲ್ಲಿ ಯಾರೂ ನೀರು ಕುಡಿಯುವಂತಿಲ್ಲ. ಅಜ್ಜಿ ಬಾಗಿಲ ಬಳಿ ಕಾದು ಕೂತಳು. ಮಣ್ಣಿಗೆ ಹೋದವರು ಸಂಜೆ ಮುಂದೆ ತಿರುಗಿ ಬಂದರು. ಸೊಸೆ ಮನೆ ತೊಳೆದು ಹೊಸ ನೀರು ತುಂಬಿದಳು. ಅಜ್ಜಿ ಒಳಗೆ ಹೋಗಿ, ಒಂದು ಚೆಂಬು ಕೊಡವ್ವ ಎಂದು ಕೇಳಿ ಇಸಕೊಂಡು, ನಿಂತೇ ಕುಡಿದಳು.