ನನ್ನ ಜಾಗದಲ್ಲಿ ಕಟ್ಟಿದ ಪ್ರೋಗ್ರಾಮು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸೊಲ್ಲಾಪುರದ ಒಂದು ಗಿರಣಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಗಣಿತದಲ್ಲಿ ಎಂ.ಎಸ್ಸಿ. ಆಗಿತ್ತು. ವಾಸ ವಿಜಾಪುರ ರಸ್ತೆಯ ಬಾಡಿಗೆ ಕೋಣೆಯಲ್ಲಿ; ಭಾನುವಾರ ಅಕ್ಕಲಕೋಟೆಗೆ, ಅವ್ವನ ಬಳಿಗೆ. ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಮಧ್ಯಾಹ್ನ ಕಿಟಕಿಗೆ ಮುಖಮಾಡಿ ಊಟ ಮಾಡುತ್ತಿದ್ದೆ.

ಚಾದರದ ನಕ್ಷೆ ಕೊಟ್ಟರೆ ಯಾವ ಬಣ್ಣದ ನೂಲು ಎಷ್ಟು ಬೇಕೆಂದು ಹೇಳುವ ಪ್ರೋಗ್ರಾಮು ನನ್ನ ಪಾಲಿಗೆ ಬಂದಿತ್ತು. ಶನಿವಾರದೊಳಗೆ ಅದು ಓಡದಿದ್ದರೆ ನನ್ನನ್ನು ಟೈಪಿಂಗ್ ವಿಭಾಗಕ್ಕೆ ಕಳಿಸುವುದಾಗಿ ಗಿರಣಿಯ ಮ್ಯಾನೇಜರರು ಹೇಳಿದ್ದರು.

ಬರೆದದ್ದನ್ನು ಯಂತ್ರ ಓಡಿಸುವಂತೆ ಕಟ್ಟುವಾಗ, ಯಂತ್ರದೊಳಗೆ ಲೈಬ್ರರಿ ಎಂದು ಕರೆಯುವ, ಎಲ್ಲರಿಗೂ ಸೇರಿದ ಜಾಗದಲ್ಲಿ ಫೈಲುಗಳನ್ನು ಇಡಬೇಕಾಗುತ್ತಿತ್ತು. ಅಲ್ಲಿ ನನಗೆ ಓದುವ ಅಪ್ಪಣೆಯಿತ್ತು, ಬರೆಯುವ ಅಪ್ಪಣೆಯಿರಲಿಲ್ಲ. ಆ ಅಧಿಕಾರ ವಿಭಾಗದ ಸಾಹೇಬರೊಬ್ಬರದೇ. ಅವರು ಪುಣೆಗೆ ಹೋಗಿದ್ದರು. ಇದ್ದಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಬೇಕಾದ ಫೈಲುಗಳನ್ನು ನನ್ನ ಹೆಸರಿನ ಜಾಗಕ್ಕೆ ನಕಲು ಮಾಡಿಕೊಂಡು, ಲೈಬ್ರರಿಯ ವಿಳಾಸವಿದ್ದ ಒಂದೊಂದು ಸಾಲನ್ನೂ ತಿದ್ದಿ, ಮೂರು ದಿನದಲ್ಲಿ ಅಲ್ಲೇ ಕಟ್ಟಿದೆ. ಶುಕ್ರವಾರ ಓಡಿತು. ಯಾರಿಗೂ ಹೇಳಲಿಲ್ಲ. ಬೇರೆಯವರು ಮುಟ್ಟಬಾರದೆಂದು ಎಲ್ಲವನ್ನೂ ನನ್ನೊಬ್ಬಳಿಗೇ ತೆರೆಯುವಂತೆ ಮಾಡಿ ಬಂದೆ.

ಶನಿವಾರ ಮ್ಯಾನೇಜರರು ತಮ್ಮ ಹೆಸರಿನಲ್ಲೇ ಯಂತ್ರದೊಳಗೆ ಹೋಗಿ ಪ್ರೋಗ್ರಾಮನ್ನು ಓಡಿಸಲು ನೋಡಿದರು. ಅಪ್ಪಣೆಯಿಲ್ಲವೆಂದು ಉತ್ತರ ಬಂತು. ಎರಡನೆಯ ಸಲವೂ ಅದೇ.

"ನಮ್ಮ ಗಿರಣ್ಯಾಗ ನಮಗ ಬಾಗಲಾ ಹಾಕೀರೇನ್ರಿ, ಬಾಯಾರ?" ಎಂದರು.

ಪುಣೆಯಿಂದ ಮರಳಿದ್ದ ಸಾಹೇಬರು ನಕ್ಕರು. "ಅವರು ಡಬ್ಬಿನೂ ಹಂಗs ಮುಚ್ಚಿ ಉಣ್ತಾರ್ರಿ."

ನಾನು ನನ್ನ ಕುರ್ಚಿಗೆ ಹೋಗಿ ಯಂತ್ರಕ್ಕೆ ಒಂದು ಸಾಲಿನ ಆಜ್ಞೆ ಬರೆದೆ: ಓಡಿಸುವವರು ಎಲ್ಲರೂ, ತಿದ್ದುವವಳು ನಾನೊಬ್ಬಳೇ. ಈ ಸಲ ನೂಲಿನ ಪಟ್ಟಿ ಅಚ್ಚಾಗಿ ಬಂತು.

"ಛಲೋ ಆತು. ಇನ್ನ ಇದನ್ನ ಲೈಬ್ರರಿಗೆ ಹಾಕ್ತೀನಿ," ಎಂದರು ಸಾಹೇಬರು. "ಒಬ್ಬರ ಕಡೇನs ಇರೂದು ಬ್ಯಾಡ."

ಟೈಪಿಂಗ್ ವಿಭಾಗ ತಪ್ಪಿತು. ಮರುದಿನ ಅವ್ವ ಕೇಳಿದಳು, "ದಿನಾ ಯಾರ ಜೋಡಿ ಮಾತಾಡ್ತಿ ಅಲ್ಲಿ?"

"ಕೆಲಸ ಭಾಳ ಇರ್ತದವ್ವಾ," ಎಂದೆ.

ಸೋಮವಾರ ನನ್ನದೇ ಒಂದು ತಪ್ಪು ಕಣ್ಣಿಗೆ ಬಿತ್ತು; ಅಂಚಿನ ನೂಲನ್ನು ಎರಡು ಸಲ ಎಣಿಸಿದ್ದೆ. ತಿದ್ದಲು ಹೋದರೆ, ಲೈಬ್ರರಿಗೆ ಹಾಕುವಾಗ ಸಾಹೇಬರು ನನ್ನ ಜಾಗದ ಪ್ರತಿಯನ್ನು ಅಳಿಸಿಬಿಟ್ಟಿದ್ದರು. ಲೈಬ್ರರಿಯಲ್ಲಿದ್ದದ್ದು ಸಾಹೇಬರ ಹೆಸರಿನಲ್ಲಿತ್ತು. ನನಗೆ ಓದುವ ಅಪ್ಪಣೆ ಮಾತ್ರ. ಹತ್ತು ಹೆಜ್ಜೆ ದೂರದಲ್ಲಿ ಅವರು ಕುಳಿತಿದ್ದರು. ತಪ್ಪಾದ ಸಾಲನ್ನೂ ಸರಿಯಾದದ್ದನ್ನೂ ಚೀಟಿಯಲ್ಲಿ ಬರೆದು, ಅವರು ಊಟಕ್ಕೆ ಎದ್ದುಹೋಗುವವರೆಗೆ ಕಾದು, ಮೇಜಿನ ಮೇಲಿಟ್ಟು ಬಂದೆ.