ಮೂರು ಪಟ್ಟೆಯ ಮರಗಳು

ನಮ್ಮ ಭಾವ ಈಶ್ವರಯ್ಯನವರಿಗೆ ಹಾಸನದ ಪೇಟೆಬೀದಿಯಲ್ಲಿ ಹಗ್ಗದ ಅಂಗಡಿ ಇತ್ತು. ಮೂಗುದಾರ, ಕಣ್ಣಿ, ಬಾವಿ ಹಗ್ಗ, ಏನು ಬೇಕಾದರೂ ಸಿಗುತ್ತಿತ್ತು. ಸುತ್ತಲ ಹಳ್ಳಿಗಳ ಅರ್ಧ ದನಗಳನ್ನು ಅವರ ಹಗ್ಗವೇ ಕಟ್ಟಿಹಾಕಿತ್ತು. ಅವರನ್ನು ಮನೆಯಲ್ಲಿ ಕಟ್ಟಿಹಾಕುವ ಹಗ್ಗ ಮಾತ್ರ ನಮ್ಮ ಅಕ್ಕ ಬಸವಲಿಂಗಮ್ಮನಿಗೆ ಸಿಗಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿತೋ, ಪ್ರತಿ ಸೋಮವಾರ ಅಂಗಡಿಗೆ ಬೀಗ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎತ್ತಿಗಿರುವ ರಜ ನನಗೂ ಇರಲಿ ಎಂಬುದು ಅವರ ವಾದ. ರೊಟ್ಟಿಯ ಬುತ್ತಿ ಕಟ್ಟಿಸಿಕೊಂಡು, ಕೊಡೆ ಹಿಡಿದು, ಅರಕಲಗೂಡಿನ ಬಸ್ಸು ಹತ್ತಿ ಕೋಡುಗಲ್ಲು ಗುಡ್ಡಕ್ಕೆ ಹೋಗಿಬಿಡುವರು.

ಕೋವಿ ಇಲ್ಲ, ಕೊಡಲಿ ಇಲ್ಲ. ದಾರಿಯಲ್ಲಿ ಸಿಕ್ಕವರು “ಸೌದೆಗಾ? ಜೇನಿಗಾ? ನಾರು ಬೇರಿಗಾ?” ಎಂದು ಕೇಳಿದರೆ “ಸುಮ್ನೆ” ಅನ್ನುವರು. ಸುಮ್ಮನೆ ಕಾಡಿಗೆ ಹೋಗುವ ಗಂಡಸನ್ನು ನಮ್ಮ ಸೀಮೆಯವರು ಅದುವರೆಗೆ ಕಂಡಿರಲಿಲ್ಲ. ದನ ಕೂಡ ಮೇಯಲಿಕ್ಕೆಂದು ಹೋಗುತ್ತದೆ. ನಿಧಿ ಹುಡುಕುತ್ತಾರೆ ಎಂದರು ಕೆಲವರು. ಅರಕಲಗೂಡಿನಲ್ಲಿ ಇನ್ನೊಬ್ಬಳಿದ್ದಾಳೆ ಎಂದರು ಉಳಿದವರು. ಎರಡನೆಯದನ್ನು ಅಕ್ಕ ಪೂರ್ತಿ ನಂಬಲಿಲ್ಲ, ಪೂರ್ತಿ ಬಿಡಲೂ ಇಲ್ಲ. “ಲೋ ಪುಟ್ಟಸ್ವಾಮಿ, ಒಂದ್ಸಲ ನೀನೂ ಜೊತೇಲಿ ಓಗಿ ನೋಡ್ಕಂಡು ಬಾ” ಎಂದು ನನ್ನನ್ನು ಅಟ್ಟಿದಳು. ನನಗಾಗ ಮೂವತ್ತು ವರ್ಷ, ಮಾಡಲು ಕೆಲಸವಿಲ್ಲ, ಅಕ್ಕನ ಮನೆಯ ಊಟ. ಒಲ್ಲೆನೆನ್ನುವ ಹಾಗಿರಲಿಲ್ಲ.

ಅದು ನಲವತ್ತಮೂರನೇ ಇಸವಿ. ಯುದ್ಧದ ದೆಸೆಯಿಂದ ಪೆಟ್ರೋಲು ಮಾಯವಾಗಿ ಬಸ್ಸುಗಳು ಇದ್ದಿಲು ತಿನ್ನಲು ಕಲಿತಿದ್ದವು. ಬಸ್ಸಿನ ಬೆನ್ನಿಗೆ ಒಂದು ಒಲೆ, ಅದಕ್ಕೆ ಗಾಳಿ ಊದಲು ಒಂದು ತಿರುಗಣೆ. ತಿರುಗಿಸುವುದು ಕಂಡಕ್ಟರ್ ಚೆನ್ನಯ್ಯನ ಕೆಲಸ; ಭಾವ ಅದನ್ನು ಆಸೆಪಟ್ಟು ಕಿತ್ತುಕೊಂಡಿದ್ದರು. ಪಂಚೆ ಎತ್ತಿಕಟ್ಟಿ, ಮುಖಕ್ಕೆ ಮಸಿ ಬಳಿದುಕೊಂಡು ತಿರುಗಿಸಿದ್ದೇ ತಿರುಗಿಸಿದ್ದು. ಏರು ಬಂದರೆ ಎಲ್ಲರೂ ಇಳಿದು ನೂಕಬೇಕು. ಟಿಕೆಟ್ಟು ತೆಗೆದುಕೊಂಡು ಕೂಲಿ ಮಾಡಿದ್ದು ನಾನು ಅದೇ ಮೊದಲು.

ಗುಡ್ಡದಲ್ಲಿ ನಿಧಿಯೂ ಇರಲಿಲ್ಲ, ಇನ್ನೊಬ್ಬಳೂ ಇರಲಿಲ್ಲ. ಭಾವ ಮರದಿಂದ ಮರಕ್ಕೆ ಹೋಗಿ ನಿಂತು ನೋಡುವರು, ಅಷ್ಟೇ. “ಇದು ಹೊನ್ನೆ ಕಣೋ. ಗಾಯ ಆದ್ರೆ ಮನುಷ್ರಂಗೆ ರಕ್ತ ಬತ್ತದೆ ಇದಕ್ಕೆ.” “ಈ ದಿಂಡಿಗಕ್ಕೆ ನಮ್ಮಪ್ಪನ ವಯಸ್ಸು.” ಮೊದಲ ಒಂದು ಗಂಟೆ ನನಗೆ ಬರೀ ಆಕಳಿಕೆ. ಆಮೇಲೆ ಒಂದು ಮತ್ತಿಮರದ ಕೆಳಗೆ ರೊಟ್ಟಿ ತಿಂದು ಕಾಲು ಚಾಚಿದೆ. ಊರಲ್ಲಿ ನೆತ್ತಿ ಸುಡುವ ಬಿಸಿಲು ಅಲ್ಲಿ ಸೋಸಿಕೊಂಡು ತಣ್ಣಗೆ ಇಳಿಯುತ್ತಿತ್ತು. ಹಾಳಾದ ಮನುಷ್ಯ, ಈ ಸುಖವನ್ನು ಇಷ್ಟು ವರ್ಷ ಒಬ್ಬನೇ ಅನುಭವಿಸಿದನಲ್ಲ ಎಂದು ಹೊಟ್ಟೆಯುರಿಯಿತು. ಮುಂದಿನ ಸೋಮವಾರ ಯಾರೂ ಅಟ್ಟದೆ ನಾನಾಗಿಯೇ ಹೊರಟೆ.

ಆ ಸಲ ಗುಡ್ಡದ ಬುಡದಲ್ಲಿ ಹೊಸ ಗುಡಿಸಲು ಎದ್ದಿತ್ತು, ಪಕ್ಕದಲ್ಲಿ ಇದ್ದಿಲು ಸುಡುವ ಗುಳಿ. ಮರ ಕಡಿಯುವವರ ಮೇಸ್ತ್ರಿ ಹುಲಿಯಪ್ಪ ಕೊಡಲಿ ಮಸೆಯುತ್ತಿದ್ದ. ಬಸ್ಸುಗಳಿಗೆ ಇದ್ದಿಲು ಸಾಲದೆ ಕಂಟ್ರಾಕ್ಟರು ಈ ಗುಡ್ಡ ಹಿಡಿದಿದ್ದಾನೆ ಎಂದ. ಭಾವನ ಮುಖ ಬಿಳುಚಿಕೊಂಡಿತು.

“ಎಲ್ಲಾ ಕಡೀತೀಯೇನಪ್ಪಾ? ದೇವ್ರ ಮರಾನೂವೆ?”

“ಶಿವಶಿವಾ, ಎಂತಾ ಮಾತು ಸಾ! ದೇವ್ರ ಮರ ಮುಟ್ಬುಟ್ಟು ಮಕ್ಳುಮರೀನ ಕಳ್ಕಳಾಕಾಯ್ತದಾ?”

ಭಾವನಿಗೆ ಅಷ್ಟು ಸಾಕಾಯಿತು. ಅರ್ಜಿ ಬರೆದರೆ ಉತ್ತರ ಬರುವ ಹೊತ್ತಿಗೆ ಗುಡ್ಡ ಬೋಳಾಗಿರುತ್ತದೆ, ಸರ್ಕಾರಕ್ಕಿಂತ ಶಿವನೇ ಚುರುಕು ಎಂದು ತೀರ್ಮಾನಿಸಿದರು. ಮುಂದಿನ ವಾರ ವಿಭೂತಿ ತಂದರು. ಅದು ತೊಗಟೆಗೆ ಹಿಡಿಯಲೆಂದು ಒಂದು ಗಡಿಗೆ ಸುಣ್ಣ ಬೆರೆಸಿದರು. ಯುಗಾದಿಗೆಂದು ಊರಿಗೆ ಹೋದ ಹುಲಿಯಪ್ಪನ ಜನ ಇನ್ನೂ ಬಂದಿರಲಿಲ್ಲ, ಕೇಳುವವರೇ ಇಲ್ಲ. ನಾನು ಗಡಿಗೆ ಹಿಡಿದೆ, ಭಾವ ನಾರಿನ ಕುಂಚದಲ್ಲಿ ಅಡ್ಡಡ್ಡ ಮೂರು ಪಟ್ಟೆ ಎಳೆದರು. ಸುಣ್ಣ ಎಲ್ಲ ಮರಕ್ಕೂ ಸಾಲದು. ಬಹಳ ಸಂಕಟಪಟ್ಟು, ತಮಗೆ ಪ್ರಾಣವಾದ ನಲವತ್ತೊಂದು ಮರಗಳನ್ನು ಆರಿಸಿಕೊಂಡರು. ಸಂಜೆಯ ಹೊತ್ತಿಗೆ ಗುಡ್ಡದ ತುಂಬ ಜಂಗಮರು ಭಿಕ್ಷಕ್ಕೆ ನಿಂತ ಹಾಗೆ ಕಾಣುತ್ತಿತ್ತು.

“ಇನ್ನು ಮುಟ್ಲಿ ನೋಡಾನ” ಎಂದರು ಭಾವ.

ಆಮೇಲೆ ಚನ್ನರಾಯಪಟ್ಟಣದ ನೆಂಟರಲ್ಲಿ ಒಂದರ ಮೇಲೊಂದು ಮದುವೆ ಬಂದು ಮೂರು ಸೋಮವಾರ ತಪ್ಪಿದವು. ನಾಲ್ಕನೆಯದಕ್ಕೆ ಬಸ್ಸು ಹತ್ತಿದಾಗ ಭಾವ ಎಂದಿನಂತೆ ತಿರುಗಣೆ ಹಿಡಿದರು.

“ಈಗ ಬತ್ತಿರೋ ಇದ್ದಿಲು ಪಸಂದಾಗದೆ ಸಾ” ಎಂದ ಚೆನ್ನಯ್ಯ. “ಏರ್ನಾಗೂ ನೂಕಂಗಿಲ್ಲ.”

ನಿಜವೇ. ಅವತ್ತು ಒಂದು ಸಲವೂ ಇಳಿದು ನೂಕಲಿಲ್ಲ. ಭಾವನಿಗೆ ಭಾರಿ ಖುಷಿ.

ಗುಡ್ಡದ ಮೇಲೆ ನಲವತ್ತೊಂದು ಮೋಟು ಬುಡಗಳಿದ್ದವು. ನಾವು ಪಟ್ಟೆ ಎಳೆಯದೆ ಬಿಟ್ಟ ಸೊಟ್ಟ ಮರ, ಮುಳ್ಳಿನ ಮರ, ಒಂದಕ್ಕೂ ಕೊಡಲಿಯ ಗಾಯವಿರಲಿಲ್ಲ.

ಹುಲಿಯಪ್ಪ ಹಲ್ಲು ಕಿರಿಯುತ್ತ ಬಂದ. “ಕಡಿಯೋ ಮರಕ್ಕೆ ಗುರ್ತು ಆಕ್ಬೇಕಾದ ಕಾಡಿನ ಗಾರ್ಡು ಸಾಯೇಬ್ರು ಚಳಿಜ್ವರ ಅಂತ ಮನೀಕಂಬುಟ್ರು ಸಾ. ಗುರ್ತಿಲ್ದಿರೋ ಮರ ಕಡುದ್ರೆ ಜೈಲು. ಏನಪ್ಪಾ ಮಾಡದು ಅಂತಿದ್ರೆ, ಯಾರೋ ಪುಣ್ಯಾತ್ಮರು ಸುಣ್ಣ ಒಡ್ದು ಓಗವ್ರೆ! ಒಂದು ಪಟ್ಟೆ ಅಂದ್ರೆ ಕಡೀರಿ ಅಂತ. ಮೂರು ಪಟ್ಟೆ ಅಂದ್ರೆ ಬಿರ್ರನೆ ಕಡೀರಿ ಅಂತ ತಾನೆ?”

“ಅದು ವಿಭೂತಿ ಕಣಯ್ಯಾ! ಅವು ದೇವ್ರ ಮರ!” ಎಂದು ನಾನು ಕೂಗಿದೆ.

“ದೇವ್ರ ಮರಕ್ಕೆ ಅರಿಶಿನ ಕುಂಕುಮ ಇರ್ತದೆ, ದಾರ ಸುತ್ತಿರ್ತಾರೆ. ಸುಣ್ಣ ಯಾರು ಬಳೀತಾರೆ ಸಾ? ಆದ್ರೂ ಗುರ್ತು ಆಕ್ದೋರು ಮರ ಬಲ್ಲೋರು ಬುಡಿ, ಒಳ್ಳೊಳ್ಳೇವನ್ನೇ ಆರ್ಸವ್ರೆ. ಮಿಕ್ಕಿದ್ದಕ್ಕೂ ಬಂದು ಒಡೀಲಿ ಅಂತ ಕಾಯ್ತಾ ಇವ್ನಿ.”

ನಮ್ಮ ಮನೆಯಲ್ಲಿ ಮರಕ್ಕೂ ಮನುಷ್ಯನಿಗೂ ವಿಭೂತಿಯೇ. ಬೇರೆಯವರ ದೇವರು ಬೇರೆ ಬಣ್ಣದಲ್ಲಿ ಇರುತ್ತಾನೆಂದು ಇಬ್ಬರು ಬುದ್ಧಿವಂತರಿಗೂ ಹೊಳೆದಿರಲಿಲ್ಲ. ಭಾವ ಹೊನ್ನೆಯ ಬುಡದ ಪಕ್ಕ ಕುಸಿದು ಕೂತರು. ಅದರಿಂದ ಇಳಿದ ಕೆಂಪು ಅಂಟು ಒಣಗಿ ಕಪ್ಪಾಗಿತ್ತು.

“ನಾನು ಮೆಚ್ದೇ ಇದ್ದಿದ್ರೆ ಇವು ಬದುಕ್ತಿದ್ವು ಕಣೋ” ಎಂದರು. ಆಮೇಲೆ ಮಸಿ ಮೆತ್ತಿದ ತಮ್ಮ ಕೈ ನೋಡಿಕೊಂಡು ಮಗುವಿನಂತೆ ಅತ್ತರು. ಬೆಳಿಗ್ಗೆ ಅವರೇ ಊದಿ ಸುಟ್ಟದ್ದು ಯಾವ ಮರವನ್ನೋ. ನನಗೂ ತಡೆಯಲಾಗಲಿಲ್ಲ. ಬಸ್ಸು ಬಂದರೂ ಹತ್ತದೆ ಹದಿನೆಂಟು ಮೈಲಿ ನಡೆದೇ ಬಂದೆವು, ದಾರಿಯುದ್ದಕ್ಕೂ ನಾನು ಶಿವನನ್ನು ಬಾಯಿಗೆ ಬಂದಂತೆ ಬೈದೆ.

ಮುಂದಿನ ಸೋಮವಾರ ಅಂಗಡಿ ತೆರೆದಿತ್ತು. ಗಂಡನಿಗೆ ಬುದ್ಧಿ ಬಂತೆಂದು ಅಕ್ಕ ಹೋಳಿಗೆ ಮಾಡಿದಳು. ಭಾವ ಮತ್ತೆಂದೂ ಗುಡ್ಡಕ್ಕೆ ಹೋಗಲಿಲ್ಲ. “ಅದಕ್ಕೆ ನಾನು ಮಾಡ್ಬೋದಾದ ಉಪಕಾರ ಒಂದೇ, ಆ ಕಡೆ ತಲೆ ಹಾಕ್ದೇ ಇರೋದು” ಅನ್ನುವರು. ಹುಲಿಯಪ್ಪನ ಜನ ಮಳೆ ಹಿಡಿಯುವವರೆಗೆ ಗುರುತಿಗಾಗಿ ಕಾದು, ಗುಡಿಸಲು ಕಿತ್ತುಕೊಂಡು ಹೋದರೆಂದು ಚೆನ್ನಯ್ಯ ಹೇಳಿದ.

ಮರುವರ್ಷ ಶಿವರಾತ್ರಿಯ ಮಾರನೇ ದಿನ ನಾನೊಬ್ಬನೇ ಹೋಗಿಬಂದೆ. ನಾವು ಬಿಟ್ಟಿದ್ದ ಸೊಟ್ಟ ಮುತ್ತುಗಗಳು ಎಲೆ ಉದುರಿಸಿ, ಗುಡ್ಡದ ಉದ್ದಕ್ಕೂ ಕೆಂಪಗೆ ಹೂ ಬಿಟ್ಟಿದ್ದವು. ಹೇಳದೆ ಇರಲಾಗಲಿಲ್ಲ. ಅಂಗಡಿಯ ಬಾಗಿಲಲ್ಲೇ ನಿಂತು, “ಭಾವ, ಗುಡ್ಡದಲ್ಲಿ ಮುತ್ತುಗ ಎಷ್ಟು ಚೆಂದಾಗಿ…” ಎಂದು ಶುರುಮಾಡಿದೆ.

ಭಾವ ದಡಬಡನೆ ಎದ್ದು ಬಂದು ನನ್ನ ಬಾಯಿ ಮುಚ್ಚಿದರು. ಬೀದಿಯ ಎರಡೂ ಕಡೆ ನೋಡಿ, ನನ್ನನ್ನು ಒಳಗೆಳೆದು ಕೂರಿಸಿಕೊಂಡರು.

“ಮೆತ್ತಗೆ ಹೇಳೋ” ಎಂದರು. “ಎಷ್ಟು ಮರ ಹೂ ಬಿಟ್ಟವೆ?”